ಶ್ವಾನಶಿಕ್ಷಣದ ಇತಿಹಾಸ

ಎಳೆಯ ನಾಯಿಯ ಸಹಜ ಚೈತನ್ಯವನ್ನು ಕುಗ್ಗಿಸದೆ ಅದನ್ನು ಒಡೆಯನ ಮಾತಿಗೆ ಕಿವಿಗೊಡುವಂತೆ ಮಾಡುವ ವಿದ್ಯೆಯೇ ಶ್ವಾನಶಿಕ್ಷಣ. ಈ ವಿಷಯವಾಗಿ ಇಂದಿಗೂ ಉಪಲಬ್ಧವಾಗಿರುವ ಪ್ರಾಚೀನ ಕೃತಿಗಳಲ್ಲಿ ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್ನನ ಬೇಟೆಯ ಗ್ರಂಥವು ಗಣ್ಯವಾದುದು. ಹೆಣ್ಣುಮರಿಯನ್ನು 8ನೆಯ ತಿಂಗಳಿನಲ್ಲಿಯೂ ಗಂಡುಮರಿಯನ್ನು 10ನೆಯ ತಿಂಗಳಿನಲ್ಲಿಯೂ ಬೇಟೆಗೆ ಕರೆದೊಯ್ಯತಕ್ಕದ್ದೆಂದೂ, ಕೂಗಲು ಸುಲಭವಾಗುವಂತೆ ಅವುಗಳ ಹೆಸರು ಚಿಕ್ಕದಾಗಿರಬೇಕೆಂದೂ, ಉದ್ದನೆಯ ಹಗ್ಗ ಕಟ್ಟಿ ಅವನ್ನು ನುರಿತ ನಾಯಿಗಳ ಹಿಂದೆ ನಡೆಸಬೇಕೆಂದೂ ವಿಧಿಸುವ ಆತನು, ಮರಿಗಳಿಗೆ ಬಲೆಗಳ ಸಮೀಪದಲ್ಲಿಯೇ ಆಹಾರವಿಡಬೇಕೆನ್ನುತ್ತಾನೆ. ಅನುಭವ ಸಾಲದೆ ದಾರಿ ತಪ್ಪಿದ ಮರಿ ಹೊಟ್ಟೆಯ ಆಸೆಗಾದರೂ ಅಲ್ಲಿಗೆ ಮರಳಿ ಬದುಕಿಕೊಳ್ಳುವುದೆಂಬುದು ಅವನ ಆಶಯ. ಮರಿಯ ಮನಸ್ಸನ್ನು ಇಷ್ಟು ಸಹಾನುಭೂತಿಯಿಂದ ಅರಿತವರು ಮುಂದೆಯೂ ವಿರಳರೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿಯೂ ನಾಯಿಗಳಿಗೆ ಮೀಸಲಾದ ಸಾರಮೇಯವಿನೋದವೆಂಬ ಪ್ರಕರಣವುಂಟು.

19ನೆಯ ಶತಮಾನದ ಪಾಶ್ಚಾತ್ಯ ಬೇಟೆಗಾರರಲ್ಲಿ ನಾಯಿಯ ಹಟವನ್ನು ಚಾಟಿಯಿಂದ ಮುರಿಯುವ ಪದ್ಧತಿ ಪ್ರಚುರವಾಗಿದ್ದಾಗ, ಅಮೆರಿಕದ ಎಸ್. ಟಿ. ಹ್ಯಾಮಂಡ್ 1882ರ ತನ್ನ ಪುಸ್ತಕದಲ್ಲಿ ಮುರಿಯುವುದು ಬೇರೆ, ಕಲಿಸುವುದು ಬೇರೆ ಎಂದು ದೃಢವಾಗಿ ಪ್ರತಿಪಾದಿಸಿದನು. ಆದರೂ ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಬಹುಮಾನದೊಡನೆ ಬಲಾತ್ಕಾರಕ್ಕೂ ಪ್ರಮುಖ ಸ್ಥಾನ ದೊರೆಯಿತು.

ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲಿ ಬರೆದ ಲೇಖನವೊಂದು ಬೇರೊಂದು ಮಾರ್ಗವನ್ನು ತೋರಿತು. ಮಕ್ಕಳ ಆಟಿಕೆಯೊಂದನ್ನು ಒತ್ತಿ ಟಕ್ಕೆನಿಸಿ, ಒಡನೆಯೇ ತಿನಿಸೊಂದನ್ನು ಎಸೆಯುವುದು; ಆ ಸದ್ದಿಗೆ ನಾಯಿ ತಟ್ಟನೆ ತಿರುಗುವಷ್ಟು ರೂಢಿಯಾದ ಬಳಿಕ, ಅದು ಬೀರುವಿನ ಹಿಡಿಯತ್ತ ಮುಖ ಮಾಡಿದಾಗ ಒಮ್ಮೆ, ಹತ್ತಿರ ಸರಿದಾಗ ಒಮ್ಮೆ, ಕಡೆಗೆ ಮೂಗು ತಾಗಿಸಿದಾಗ ಮಾತ್ರವೇ ಒತ್ತುವುದು. ಇಲ್ಲಿ ಬೆದರಿಕೆಗೆ ಎಡೆಯಿಲ್ಲ. ಬೇಕಾದುದು ಸಮಯಪ್ರಜ್ಞೆ, ಏಕೆಂದರೆ ಕ್ಷಣಕಾಲ ತಡವಾದರೂ ನಾಯಿ ಆ ಬಹುಮಾನವನ್ನು ತಾನು ಆಮೇಲೆ ಮಾಡಿದ ಮತ್ತೊಂದು ಚೇಷ್ಟೆಗೆ ಸಂದುದೆಂದೇ ತಿಳಿಯುತ್ತದೆ.

ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಸಂಶೋಧನೆಯು, ಸುಮಾರು 3ರಿಂದ 12 ವಾರಗಳವರೆಗಿನ ವಯಸ್ಸೇ ಮರಿಯು ಇತರರೊಡನೆ ಹೊಂದಿಕೊಳ್ಳಲು ಕಲಿಯುವ ಕಾಲವೆಂದು ತೋರಿಸಿದ ಮೇಲೆ, ಬಲಿತ ಬಳಿಕವೇ ಶಿಕ್ಷಣವೆಂಬ ಹಳೆಯ ನಂಬಿಕೆ ಸಡಿಲವಾಯಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಪಶುವೈದ್ಯ ಇಯಾನ್ ಡನ್‌ಬಾರ್ ಆರಂಭಿಸಿದ ತರಗತಿಗಳಲ್ಲಿ ಮರಿಗಳು ಹಗ್ಗವಿಲ್ಲದೆ ಒಂದರೊಡನೊಂದು ಹೊರಳಾಡಿ ಆಡುತ್ತಿದ್ದವು. ಆಟದ ನಡುವೆ ಒಡೆಯನು ಕರೆದಾಗ ಬಂದು ಕುಳಿತ ಮರಿಗೆ ತಿನಿಸೂ ಮೆಚ್ಚುಗೆಯ ಮಾತೂ ದೊರೆತು, ಒಡನೆಯೇ ಮತ್ತೆ ಆಟಕ್ಕೆ ಹೋಗಲು ಅಪ್ಪಣೆಯಾಗುತ್ತಿತ್ತು.