ಸೀತಾಳೆ ದಂಡೆ ಕಳೆದುಕೊಂಡ ಮರ

ನಾನು ಕೈಯಾರೆ ಕೊಂದ ಮೊದಲ ಗಿಡ ಸೀತಾಳೆ ದಂಡೆ. ಬೇಲೂರಿನ ಆಚೆ ದೊಡ್ಡಮ್ಮನ ಕಾಫಿ ತೋಟದಲ್ಲಿ, ಮಳೆಗೆ ಮುರಿದುಬಿದ್ದ ಕೊಂಬೆಯ ಮೇಲೆ ಸಿಕ್ಕಿತ್ತು. ಬೆಂಗಳೂರಿಗೆ ತಂದೆ. ಚೆಂದದ ಕುಂಡ, ಕೆಂಪು ಮಣ್ಣು, ಗೊಬ್ಬರ, ದಿನಾ ನೀರು. ಎರಡೇ ತಿಂಗಳಲ್ಲಿ ಬೇರು ಕೊಳೆತುಹೋಯ್ತು. ಫೋನಲ್ಲಿ ಹೇಳಿದ್ರೆ ದೊಡ್ಡಮ್ಮ ನಕ್ಕುಬಿಟ್ರು: "ಮರದ ಮೇಲಿರೋದನ್ನ ಮಣ್ಣಲ್ಲಿ ಹೂತ್ರೆ ಬದುಕುತ್ತೇನೋ?"

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಈ ಗಿಡದ ಜೊತೆ ಮರವನ್ನು ಮರೆತವನು ನಾನೊಬ್ಬನೇ ಅಲ್ಲ. ಅದರ ಹೆಸರಿನ ಇತಿಹಾಸವೇ ಮರ ಮರೆತ ಇತಿಹಾಸ.

ಕೊಚ್ಚಿಯಲ್ಲಿ ಡಚ್ ಕಂಪನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವ್ಯಾನ್ ರೀಡ್, ಇಟ್ಟಿ ಅಚ್ಯುತನ್ ಮೊದಲಾದ ಸ್ಥಳೀಯ ವೈದ್ಯರ ನೆರವಿನಿಂದ 'ಹೋರ್ಟಸ್ ಮಲಬಾರಿಕಸ್' ಸಿದ್ಧಪಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳು ಬಂದವು. ಕೊನೆಯ ಸಂಪುಟದಲ್ಲಿ ನಮ್ಮ ಈ ಹೂವಿನ ಚಿತ್ರವಿದೆ. ಅಲ್ಲಿನ ಹೆಸರು ಮಲಯಾಳದ್ದು. ಕನ್ನಡಕ್ಕೆ ತಂದರೆ 'ಆಂಜಿಲಿ ಮರಬಾಳೆ'. ಆಂಜಿಲಿ ಅಂದ್ರೆ ನಮ್ಮ ಹೆಬ್ಬಲಸು. ಗಿಡ ಯಾವುದು ಅಂತ ಹೇಳೋ ಮೊದಲೇ ಯಾವ ಮರದ ಮೇಲಿನದು ಅಂತ ಹೇಳುವ ಹೆಸರು!

1753ರಲ್ಲಿ ಲಿನೇಯಸ್ ಇದನ್ನು 'ಎಪಿಡೆಂಡ್ರಮ್ ರೆಟುಸಮ್' ಎಂದು ಕರೆದ. ಎಪಿಡೆಂಡ್ರಮ್ ಅಂದ್ರೆ 'ಮರದ ಮೇಲೆ', ಅಷ್ಟೇ. ಯಾವ ಮರ? ಅದು ಹೋಯ್ತು. 1825ರಲ್ಲಿ ಬ್ಲೂಮ್ ಅನ್ನುವ ವಿಜ್ಞಾನಿ ಹೂವಿನ ಒಳಗಿನ ಕೊಕ್ಕಿನಂಥ ಭಾಗ ನೋಡಿ 'ರಿಂಕೊಸ್ಟೈಲಿಸ್' ಎಂಬ ಹೊಸ ಕುಲ ಮಾಡಿದ. ಇಂದಿಗೂ ಇದು ರಿಂಕೊಸ್ಟೈಲಿಸ್ ರೆಟುಸಾ. ಹೆಸರಲ್ಲಿ ಈಗ ಮರವೇ ಇಲ್ಲ.

ಮರ ಬಿಟ್ಟು ಗಿಡ ಮಾತ್ರ ಒಯ್ದವರಿಗೆ ಏನಾಯ್ತು? 19ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋದ ಉಷ್ಣವಲಯದ ಆರ್ಕಿಡ್‌ಗಳನ್ನು ಗಾಳಿಯಾಡದ, ಸೆಕೆ ತುಂಬಿದ ಗಾಜಿನ ಮನೆಗಳಲ್ಲಿಟ್ಟರು. ರಾಶಿ ರಾಶಿ ಸತ್ತವು. 1830ರ ದಶಕದಲ್ಲಿ ಚಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಗಾಳಿ ಬಿಟ್ಟು, ಸೆಕೆ ತಗ್ಗಿಸಿ ಬೆಳೆಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಗ್ಲಾಸ್ ಹಾಕಿ ಮುಚ್ಚಿದ ಬಾಲ್ಕನಿಯವರು ಇದನ್ನ ಇನ್ನೊಮ್ಮೆ ಓದಿ.

ಮರದ ಪಾಠ ಬೇಕಿದ್ದರೆ ಹಾಸನ ಜಿಲ್ಲೆಗೆ ಬನ್ನಿ. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದರೆ ತೆಂಗು, ರಾಗಿ, ಒಣ ಗಾಳಿ. ಬಸ್ಸಲ್ಲಿ ಹಳೇಬೀಡು ದಾಟುವಾಗ ಹೊಲಗಳು ಹಸಿರಾಗುತ್ತವೆ. ಬೇಲೂರಲ್ಲಿ ಪ್ರವಾಸಿಗರು 1117ರ ಚೆನ್ನಕೇಶವನನ್ನು ನೋಡಿ ವಾಪಸ್ ಹೊರಡ್ತಾರೆ. ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಕಾಫಿ ತೋಟ, ಪಾಚಿ ಹಿಡಿದ ಮರ, ಮರದ ತುಂಬ ಸೀತಾಳೆ. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಈ ಒಂದೇ ಜಿಲ್ಲೆಯ ಸಸ್ಯಗಳ ಮೇಲೆ 1976ರಲ್ಲಿ ದಪ್ಪ ಪುಸ್ತಕ ತಂದದ್ದು ಸುಮ್ಮನೆ ಅಲ್ಲ.

ಕಾಡು ಕಡಿದು ತೋಟ ಮಾಡಿದ ಮೇಲೂ ಸೀತಾಳೆ ಉಳಿದದ್ದು ಹೇಗೆ? ಕಾಫಿಗೆ ನೆರಳು ಬೇಕಿತ್ತು. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿನ ಮರಗಳ ಬಗ್ಗೆ ವಿಸ್ತಾರವಾಗಿ ಬರೆದ. ಕಾಫಿಗೆ ಅಂತ ಉಳಿಸಿದ ಮರ ಈ ಹೂವಿಗೂ ಮನೆಯಾಯ್ತು. ಈಗ ಹಳೇ ಕಾಡುಮರದ ಜಾಗಕ್ಕೆ ಸಿಲ್ವರ್ ಓಕ್ ಬರ್ತಿದೆ. ಬೇಗ ಬೆಳೆದು, ಬೇಗ ಕಡಿಸಿಕೊಳ್ಳುವ ಮರದ ಮೇಲೆ ನಿಧಾನಕ್ಕೆ ಬೆಳೆಯೋ ಗಿಡ ಎಷ್ಟು ದಿನ ಸಂಸಾರ ಮಾಡೀತು?

ಸರಿ, ಬೆಳೆಸೋದು ಹೇಗೆ? ಕಾಡಿಂದ ಕೀಳಬೇಡಿ. ಬೀಜವನ್ನು ಸಕ್ಕರೆ ಸೇರಿಸಿದ ಪೋಷಕಾಂಶದಲ್ಲಿ, ಶಿಲೀಂಧ್ರದ ಹಂಗಿಲ್ಲದೆ ಮೊಳೆಸುವ ವಿಧಾನವನ್ನು ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿಕೊಟ್ಟ. ಅಂಥ ಲ್ಯಾಬ್ ಗಿಡ ಸಿಗುತ್ತೆ. ಮಳೆಗಾಲ ಶುರುವಾಗುವಾಗ ಒರಟು ತೊಗಟೆಯ ಮರಕ್ಕೋ, ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಮಟ್ಟೆಗೋ ಹತ್ತಿ ದಾರದಿಂದ ಕಟ್ಟಿ. ಮಣ್ಣು ಬೇಡವೇ ಬೇಡ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಬೇರಿನ ಬಿಳಿ ಹೊದಿಕೆ ಸ್ಪಂಜಿನಂತೆ. ನೀರು ಕುಡಿದರೆ ಹಸಿರಾಗುತ್ತೆ, ಅಲ್ಲಿಗೆ ನಿಲ್ಲಿಸಿ. ಕೆಲವು ಗಂಟೆಯಲ್ಲಿ ಮತ್ತೆ ಒಣಗಬೇಕು. ಬೇಸಿಗೆಯಲ್ಲಿ ದಿನಾ, ಚಳಿಗಾಲದಲ್ಲಿ ಕಮ್ಮಿ. ಗೊಬ್ಬರ ತೀರಾ ತೆಳ್ಳಗೆ. ಇದು ಬಂದಳಿಕೆ ಅಲ್ಲ, ಮರದ ರಸ ಹೀರಲ್ಲ. ಹಾಗಾಗಿ ಮರಕ್ಕೆ ಭಯ ಬೇಡ. ಆಮೇಲೆ ಕಾಯಿರಿ. ಹೂ ಬರೋದು ಮುಂಗಾರಿನ ಆಸುಪಾಸು, ಅದೂ ಗಿಡ ನೆಲೆ ಕಂಡ ಮೇಲೆ.

ಎರಡನೇ ಸಲ ಲ್ಯಾಬ್ ಗಿಡವೊಂದನ್ನು ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಲ್ಲಿ ಕಟ್ಟಿದೆ. ಮೂರನೇ ವರ್ಷ ಬಿಳಿ-ನೇರಳೆ ದಂಡೆ ಇಳಿಬಿತ್ತು. ಫೋಟೋ ಕಳಿಸಿದೆ. ದೊಡ್ಡಮ್ಮ ಹೂ ಚೆನ್ನಾಗಿದೆ ಅಂತ ಹೇಳಲಿಲ್ಲ. "ಯಾವ ಮರಕ್ಕೆ ಕಟ್ಟಿದ್ದೀಯೋ?" ಅಂದ್ರು.

"ಮಾವು, ದೊಡ್ಡಮ್ಮ."

"ಹಾಗಾದ್ರೆ ಉಳಿಯುತ್ತೆ ಬಿಡು. ಆ ಮರ ಕಡಿಯದೆ ಇರೋ ಹಾಗೆ ನೋಡ್ಕೋ."