ಅನ್ಯಶಾಸ್ತ್ರಗಳ ಪ್ರಶ್ನೆ ಮತ್ತು ದಂಡಿನ ಬೆಂಗಳೂರು

ಧರ್ಮಗ್ರಂಥವನ್ನು ಪಾರಾಯಣ ಮಾಡುವುದು ಬೇರೆ, ಅದನ್ನು ಪರಿಶೀಲಿಸುವುದು ಬೇರೆ. ಪಾರಾಯಣಕ್ಕೆ ಶ್ರದ್ಧೆಯೊಂದಿದ್ದರೆ ಸಾಕು. ಪರಿಶೀಲನೆಗೆ ಶ್ರದ್ಧೆಯ ಜೊತೆಗೆ ಎದೆಗಾರಿಕೆಯೂ ಬೇಕು, ಏಕೆಂದರೆ ದೊರೆಯುವ ಉತ್ತರವು ಪರಿಶೀಲಕನು ಬಯಸಿದ್ದೇ ಆಗಿರಬೇಕೆಂಬ ನಿಯಮವಿಲ್ಲ. 1974ರ ಡಿಸೆಂಬರಿನಲ್ಲಿ ಬೆಂಗಳೂರು ದಂಡುಪ್ರದೇಶಕ್ಕೆ ಸೇರಿದ ಹಚಿನ್ಸ್ ರಸ್ತೆಯ ಕ್ಯಾಥೊಲಿಕ್ ಕೇಂದ್ರವೊಂದರಲ್ಲಿ ಪಂಡಿತರು ಕೂಡಿ ಒಂದು ಪ್ರಶ್ನೆಯನ್ನು ಚರ್ಚಿಸಿದರು. ಬೈಬಲ್ ಅಲ್ಲದ ಧರ್ಮಗ್ರಂಥಗಳಲ್ಲಿಯೂ ದೇವರ ಪ್ರೇರಣೆಯುಂಟೇ? ಉಂಟಾದರೆ ಅವನ್ನು ಕ್ರೈಸ್ತರ ಪೂಜೆಯಲ್ಲಿ ಓದಬಹುದೇ? ತನ್ನ ಶಾಸ್ತ್ರವೇ ಪರಮಪ್ರಮಾಣವೆಂದು ಶತಮಾನಗಳ ಕಾಲ ಸಾರಿದ ಮತವೊಂದರ ವಿದ್ವಾಂಸರು ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಅಲ್ಲಿಗೆ ಅವರು ಬಂದ ದಾರಿ ದೀರ್ಘವಾದದ್ದು. ಅದರ ಒಂದು ಮುಖ್ಯ ಭಾಗ ಬೆಂಗಳೂರಿನಲ್ಲಿಯೇ ಹಾದುಹೋಗಿದೆ.

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿತು. ದಂಡಿನ ಹಿಂದೆಯೇ ಮಿಷನರಿಗಳು ಬಂದರು. ಇವರಲ್ಲಿ ಹಲವರಿಗೆ ಈ ನಾಡಿನ ಶಾಸ್ತ್ರಗಳನ್ನು ಓದುವ ಉದ್ದೇಶ ಖಂಡನೆಯೇ ಆಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಖಂಡಿಸಬೇಕಾದರೂ ಮೊದಲು ಓದಬೇಕು. ಓದಬೇಕಾದರೆ ಗ್ರಂಥ ಶುದ್ಧವಾಗಿ ಅಚ್ಚಾಗಬೇಕು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ 1849ರಲ್ಲಿ ಜಾನ್ ಗ್ಯಾರೆಟ್ ಹೊರತಂದ ಭಗವದ್ಗೀತೆ ಇದಕ್ಕೆ ಒಳ್ಳೆಯ ನಿದರ್ಶನ. ಸಂಸ್ಕೃತ ಮೂಲ, ಕನ್ನಡ, ವಿಲ್ಕಿನ್ಸನ ಇಂಗ್ಲಿಷ್ ಅನುವಾದ ಇವುಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಮುದ್ರಿಸಿ, ಜರ್ಮನ್ ವಿದ್ವಾಂಸ ಹಂಬೋಲ್ಟನು ಗೀತೆಯನ್ನು ಕುರಿತು ಬರೆದ ಪ್ರಬಂಧವನ್ನೂ ಅದಕ್ಕೆ ಜೋಡಿಸಲಾಗಿತ್ತು. ಓದುಗನು ಮೂರನ್ನೂ ಹೋಲಿಸಿ ತಾನೇ ನಿರ್ಣಯಿಸಲಿ ಎಂಬುದು ಈ ಅಂಕಣಗಳ ತಾತ್ಪರ್ಯ. ಉದ್ದೇಶವೇನೇ ಇರಲಿ, ವಿಧಾನ ಪ್ರಾಮಾಣಿಕವಾದದ್ದು.

ಬೆಂಗಳೂರಿನಲ್ಲಿ ಗೀತೆ ಅಚ್ಚಾಗುತ್ತಿದ್ದ ಹೊತ್ತಿಗೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಹೊರತರುತ್ತಿದ್ದನು. ಅದೇ ಮಿಷನ್ನಿನ ವ್ಯೂರ್ತ್ 1860ರ ದಶಕದಲ್ಲಿ ಬಸವಪುರಾಣದ ಮತ್ತು ಚೆನ್ನಬಸವಪುರಾಣದ ಸಂಗ್ರಹಾನುವಾದಗಳನ್ನು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಕರಾವಳಿಯಲ್ಲಿಯೂ ಉತ್ತರದಲ್ಲಿಯೂ ದುಡಿದವರ ಕಣ್ಣು ಕನ್ನಡದ ಶಿವಭಕ್ತಿಸಾಹಿತ್ಯದ ಮೇಲೆ ಬಿದ್ದಿತು. ಬೆಂಗಳೂರಿನವರ ಕಣ್ಣು ಸಂಸ್ಕೃತದತ್ತ ಹೊರಳಿತು. ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು, ಅದು ಮುಂದೆ ಮತ್ತೆ ತಲೆದೋರುತ್ತದೆ. ಲಂಡನ್ ಮಿಷನ್ನಿನ ಇ. ಪಿ. ರೈಸ್ ಇದಕ್ಕೆ ಅಪವಾದ. 1915ರಲ್ಲಿ ಪ್ರಕಟವಾದ ಆತನ ಕನ್ನಡ ಸಾಹಿತ್ಯಚರಿತ್ರೆ ವೀರಶೈವ ಸಾಹಿತ್ಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು.

1910ರಲ್ಲಿ ಹಲವು ಪ್ರಾಟೆಸ್ಟೆಂಟ್ ಮಿಷನ್ನುಗಳು ಒಟ್ಟುಗೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಗೊಂಡ ಈ ಸಂಸ್ಥೆಯ ಆರಂಭದ ವರ್ಷಗಳಲ್ಲಿ ಪ್ರಾಂಶುಪಾಲರಾಗಿದ್ದ ಡೆನ್ಮಾರ್ಕಿನ ಎಲ್. ಪಿ. ಲಾರ್ಸೆನ್ ಮುಂದೆ ತಮಿಳು ಬೈಬಲ್ಲಿನ ಪರಿಷ್ಕರಣದಲ್ಲಿ ಮುಂದಾಳಾದ ಭಾಷಾವಿದ್ವಾಂಸರು. ಪಾದ್ರಿಗಳಾಗಬೇಕಾದ ಯುವಕರು ಇಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಜೊತೆಗೆ, ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವಿಮರ್ಶಕರು ರೂಪಿಸಿದ ಪರಿಶೀಲನಕ್ರಮವನ್ನೂ ಎದುರಿಸಬೇಕಾಯಿತು.

ಈ ಕ್ರಮವು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಬಹುದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರ ಸಂಪಾದನೆಗಳು ನಮಗೆ ಉಪಲಬ್ಧವಾಗಿವೆ. ಸಿದ್ಧರಾಮರ ದೀಕ್ಷೆಯ ಪ್ರಸಂಗ ಒಂದರಲ್ಲಿರುವಂತೆ ಮತ್ತೊಂದರಲ್ಲಿಲ್ಲ. ನಾಲ್ಕನ್ನೂ ಎದುರಿಗಿಟ್ಟುಕೊಂಡು ಯಾವುದು ಮೊದಲಿನದು, ಯಾವುದು ಯಾರಿಂದ ಏಕೆ ಸೇರಿತು ಎಂದು ಕೇಳುವವನು ಮಾಡುತ್ತಿರುವುದು ಬೈಬಲ್ ವಿಮರ್ಶಕನ ಕೆಲಸವನ್ನೇ. ಯೇಸುವಿನ ಚರಿತ್ರೆಯನ್ನು ಹೇಳುವ ಗ್ರಂಥಗಳೂ ನಾಲ್ಕು. ಅವುಗಳಲ್ಲಿ ಮತ್ತಾಯ, ಮಾರ್ಕ, ಲೂಕ ಈ ಮೂರು ಎಷ್ಟೋ ಕಡೆ ಮಾತಿಗೆ ಮಾತು ಹೊಂದುತ್ತವೆ. ಮಾರ್ಕನ ಗ್ರಂಥವೇ ಹಳೆಯದು, ಉಳಿದ ಇಬ್ಬರೂ ಅದನ್ನು ಬಳಸಿಕೊಂಡರು ಎಂಬುದು ಬಹುಮಂದಿ ವಿಮರ್ಶಕರ ನಿರ್ಣಯ. ಮೋಶೆಯ ಹೆಸರಿನಲ್ಲಿರುವ ಪಂಚಗ್ರಂಥಗಳು ಒಬ್ಬನ ಕೃತಿಯಲ್ಲ, ಬೇರೆಬೇರೆ ಕಾಲದ ಪರಂಪರೆಗಳ ಹೆಣಿಗೆ ಎಂಬುದು ಅವರ ಮತ್ತೊಂದು ನಿರ್ಣಯ. 1920ರ ದಶಕದಲ್ಲಿ ಇನ್ನೂ ವಿಸ್ಮಯಕರವಾದ ಸಂಗತಿಯೊಂದು ಹೊರಬಿದ್ದಿತು. ಈಜಿಪ್ಟಿನ ಅಮೆನೆಮೋಪೆ ಎಂಬವನ ನೀತಿಬೋಧೆ ಪ್ರಕಟವಾದಾಗ, ಬೈಬಲ್ಲಿನ ಜ್ಞಾನೋಕ್ತಿಗಳ 22ನೆಯ ಅಧ್ಯಾಯದಿಂದ ಮುಂದಿನ ಒಂದು ಭಾಗ ಅದರೊಡನೆ ನಿಕಟವಾಗಿ ಹೋಲುವುದು ಕಂಡುಬಂದಿತು. ಪವಿತ್ರಗ್ರಂಥದೊಳಗೇ ಪರಮತೀಯರ ನುಡಿ ಸೇರಿಕೊಂಡಿತ್ತು!

ಭಕ್ತನ ಮನಸ್ಸಿಗೆ ಇದರಿಂದ ಆಗುವ ಕಳವಳ ಹಗುರವಾದದ್ದಲ್ಲ. ಆದರೆ ಇದರ ಇನ್ನೊಂದು ಫಲವನ್ನು ಗಮನಿಸಬೇಕು. ತನ್ನ ಗ್ರಂಥ ಆಕಾಶದಿಂದ ಇಡಿಯಾಗಿ ಇಳಿದದ್ದೆಂದು ನಂಬಿದವನಿಗೆ ಅನ್ಯರ ಗ್ರಂಥದಲ್ಲಿ ಕಾಣುವುದು ಬರಿಯ ಮನುಷ್ಯಕಲ್ಪನೆ. ತನ್ನದೂ ಮನುಷ್ಯರ ಕೈಗಳಿಂದ, ಒಂದು ಜನಾಂಗದ ದೀರ್ಘ ಅನುಭವದಿಂದ ಮೂಡಿಬಂದಿತೆಂದೂ, ಹಾಗಿದ್ದರೂ ಅದರಲ್ಲಿ ದೇವರ ಪ್ರೇರಣೆಯಿದೆಯೆಂದೂ ಒಪ್ಪಿದವನು, ಅನ್ಯರ ಗ್ರಂಥ ಮನುಷ್ಯಕೃತವೆಂಬ ಒಂದೇ ಕಾರಣದಿಂದ ಅದನ್ನು ತಳ್ಳಿಹಾಕಲಾರನು. ಸ್ವಶಾಸ್ತ್ರದ ಪರೀಕ್ಷೆಯೇ ಪರಶಾಸ್ತ್ರದ ಗೌರವಕ್ಕೆ ಬಾಗಿಲಾಯಿತು. ಬೆಂಗಳೂರಿನಲ್ಲಿ ಆ ಬಾಗಿಲು ತೆರೆಯಲು ಅರ್ಧಶತಮಾನ ಹಿಡಿಯಿತು.

ಮಿಲ್ಲರ್ಸ್ ರಸ್ತೆಯ ಕಾಲೇಜಿನಲ್ಲಿ 1931ರಿಂದ ಧರ್ಮಗಳ ಇತಿಹಾಸವನ್ನು ಬೋಧಿಸಿದ ಪಿ. ಡಿ. ದೇವನಂದನ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಯಾತತ್ತ್ವವನ್ನು ಕುರಿತು ಸಂಶೋಧನೆ ನಡೆಸಿದವರು. 1957ರಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಸ್ಥಾಪಿತವಾದ ಕ್ರೈಸ್ತ ಸಂಸ್ಥೆಗೆ ಅವರು ಮೊದಲ ನಿರ್ದೇಶಕರಾದರು. ಹಿಂದೂಧರ್ಮವನ್ನು ಕುರಿತು ಕ್ರೈಸ್ತರು ತಮ್ಮತಮ್ಮೊಳಗೇ ಮಾತನಾಡಿಕೊಂಡರೆ ಸಾಲದು, ಹಿಂದೂಗಳ ಎದುರಿಗೆ ಕುಳಿತು ಮಾತನಾಡಬೇಕೆಂಬುದು ಅವರ ನಿಲುವು. ಪ್ರಬಂಧ ಓದುವವನ ಎದುರಿಗೆ ಆ ಧರ್ಮದವನೇ ಕುಳಿತಿದ್ದರೆ ಮಾತಿನ ತೂಕ ಬದಲಾಗುತ್ತದೆ; ಅರ್ಧ ತಿಳಿದದ್ದನ್ನು ಪೂರ್ಣವೆಂದು ಹೇಳುವ ಧೈರ್ಯ ತಾನಾಗಿ ಇಳಿಯುತ್ತದೆ.

ಕ್ಯಾಥೊಲಿಕರಲ್ಲಿ ಪರಿವರ್ತನೆ ತಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಅದು 1965ರಲ್ಲಿ ಘೋಷಿಸಿತು. ಅದಾದ ಎರಡು ವರ್ಷಗಳಿಗೆ, 1967ರಲ್ಲಿ, ಬೈಬಲ್, ಧರ್ಮಶಿಕ್ಷಣ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಲೇಖನದ ಮೊದಲಿಗೆ ಹೇಳಿದ ಹಚಿನ್ಸ್ ರಸ್ತೆಯ ಕೇಂದ್ರ ಇದೇ. ಇದರ ಸ್ಥಾಪಕ ನಿರ್ದೇಶಕರಾದ ಡಿ. ಎಸ್. ಅಮಲೋರ್ಪವದಾಸರು ತಮಿಳು ಪಾದ್ರಿಗಳು. ನೆಲದ ಮೇಲೆ ಕುಳಿತು ಪೂಜಿಸುವುದು, ಕೈಮುಗಿದು ವಂದಿಸುವುದು, ಎಣ್ಣೆಯ ದೀಪ, ಆರತಿ ಮೊದಲಾದ ಹನ್ನೆರಡು ಅಂಶಗಳನ್ನು ಬಲಿಪೂಜೆಯಲ್ಲಿ ಅಳವಡಿಸಿಕೊಳ್ಳಲು ರೋಮ್ 1969ರ ಏಪ್ರಿಲ್‌ನಲ್ಲಿ ಅನುಮತಿಯಿತ್ತಿತು. ದೀಪಕ್ಕೂ ಆರತಿಗೂ ಒಪ್ಪಿಗೆ ದೊರೆತ ಮೇಲೆ ಮುಂದಿನ ಪ್ರಶ್ನೆ ಅನಿವಾರ್ಯವಾಗಿತ್ತು. ಆಚಾರವನ್ನು ಎರವಲು ಪಡೆಯಬಹುದಾದರೆ ಶಾಸ್ತ್ರವನ್ನು ಏಕೆ ಪಡೆಯಬಾರದು?

1973ರಲ್ಲಿ ಬೆಂಗಳೂರಿನಿಂದ ಈಶಾನಂದ ವೆಂಪೆನಿ ಎಂಬ ಜೆಸ್ವಿಟ್ ಪಂಡಿತರ ಗ್ರಂಥವೊಂದು ಪ್ರಕಟವಾಯಿತು. ಬೈಬಲ್ಲೇತರ ಧರ್ಮಗ್ರಂಥಗಳಲ್ಲಿನ ದೈವಪ್ರೇರಣೆಯೇ ಅದರ ವಿಷಯ. ಮರುವರ್ಷದ ಡಿಸೆಂಬರಿನ ಗೋಷ್ಠಿ ಇದೇ ವಿಷಯವನ್ನು ವಿಸ್ತಾರವಾಗಿ ಕೈಗೆತ್ತಿಕೊಂಡಿತು. ಪ್ರಬಂಧಗಳೂ ಗೋಷ್ಠಿಯ ಸಮ್ಮತ ನಿವೇದನೆಯೂ ಅಮಲೋರ್ಪವದಾಸರ ಸಂಪಾದಕತ್ವದಲ್ಲಿ ಅದೇ ಕೇಂದ್ರದಿಂದ ಗ್ರಂಥರೂಪದಲ್ಲಿ ಹೊರಬಂದವು. ಇಲ್ಲಿನ ತೊಡಕು ಸೂಕ್ಷ್ಮವಾದದ್ದು. ಉಪನಿಷತ್ತಿನಲ್ಲಿ ಸತ್ಯವಿದೆ ಎನ್ನುವುದು ಸುಲಭ. ಅಥೇನೆಯಲ್ಲಿ ಬೋಧಿಸುವಾಗ ಪೌಲನೇ ಗ್ರೀಕ್ ಕವಿಯ ಮಾತನ್ನು ಉದ್ಧರಿಸಿದ್ದನಲ್ಲ! ಆದರೆ ಪ್ರವಚನದಲ್ಲಿ ಉದ್ಧರಿಸುವುದು ಬೇರೆ, ಪೂಜೆಯ ನಡುವೆ ವಾಚನಮಾಡುವುದು ಬೇರೆ. ಪೂಜೆಯಲ್ಲಿ ಓದಿದ್ದನ್ನು ಭಕ್ತರು ದೇವರ ವಾಕ್ಯವೆಂದೇ ಕೇಳುತ್ತಾರೆ. ಇನ್ನೊಂದು ಕಡೆಯ ಸಂಕೋಚವೂ ಇತ್ತು. ಒಂದು ಸಮುದಾಯದ ಆಚಾರ, ಗುರುಪರಂಪರೆ, ಸಾಧನೆಗಳಿಂದ ಬೇರ್ಪಡಿಸಿ ತಂದ ಶಾಸ್ತ್ರ ಶಾಸ್ತ್ರವಾಗಿಯೇ ಉಳಿಯುತ್ತದೆಯೇ, ಅಥವಾ ಸುಭಾಷಿತಗಳ ಸಂಗ್ರಹವಾಗುತ್ತದೆಯೇ? ಈ ಸಂಕೋಚಕ್ಕೆ ಬೆಲೆಯಿದೆ. ಲಿಂಗಾಂಗಸಾಮರಸ್ಯದ ಸಾಧನೆಯನ್ನು ಬಿಟ್ಟು ವಚನಗಳನ್ನು ಬರಿಯ ನೀತಿವಾಕ್ಯಗಳಾಗಿ ಓದುವವರನ್ನು ಕಂಡ ಶರಣರಿಗೆ ಇದು ಚೆನ್ನಾಗಿ ಅರ್ಥವಾದೀತು.

ಉತ್ತರ ಬೇರೆ ಕಡೆಯಿಂದ ಬಂದಿತು. 1975ರ ಜೂನ್‌ನಲ್ಲಿ ರೋಮಿನ ಪೂಜಾವಿಧಿ ಇಲಾಖೆಯ ಮುಖ್ಯಸ್ಥರಾದ ಕಾರ್ಡಿನಲ್ ನಾಕ್ಸ್ ಭಾರತದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಪೂಜೆಯಲ್ಲಿ ಬೈಬಲ್ಲೇತರ ಗ್ರಂಥಗಳ ವಾಚನವನ್ನು ನಿಲ್ಲಿಸಬೇಕೆಂದು ಸೂಚಿಸಿದರು. ಭಾರತದ ಕ್ಯಾಥೊಲಿಕ್ ಭಕ್ತರಲ್ಲಿಯೇ ಅನೇಕರಿಗೆ ಇದು ನೆಮ್ಮದಿಯನ್ನಿತ್ತಿತು. ದೇವಾಲಯದ ವೇಷ ಬದಲಾಗುತ್ತಿದ್ದುದು ಅವರಿಗೆ ಒಗ್ಗಿರಲಿಲ್ಲ. ಹಿಂದೂಗಳಲ್ಲಿ ಕೆಲವರು ಈ ಪ್ರಯೋಗಗಳನ್ನೆಲ್ಲ ಮತಾಂತರದ ಹೊಸ ಉಪಾಯವೆಂದು ಸಂದೇಹಿಸಿದರು. ಇಬ್ಬರ ನಡುವೆ ಸಿಕ್ಕಿದವರು ಪಂಡಿತರು. ಆದರೆ ನಿಷೇಧ ತಗುಲಿದ್ದು ವಾಚನಕ್ಕೆ, ವಿಚಾರಕ್ಕಲ್ಲ. ಅಮಲೋರ್ಪವದಾಸರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಕಟ್ಟಿದರು, ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು, 1990ರಲ್ಲಿ ತೀರಿಕೊಂಡರು.

ರೋಮಿನ ಪತ್ರಕ್ಕಿಂತ ಆಳವಾದ ಆಕ್ಷೇಪ ಮಿಲ್ಲರ್ಸ್ ರಸ್ತೆಯಲ್ಲಿಯೇ ಹುಟ್ಟಿತು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯ ಸಭೆಯಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರವೊಂದರ ಕಡೆಗೆ ಸಾಗಬೇಕೆಂದು ಉಪನ್ಯಾಸವಿತ್ತರು. ಭಾರತೀಯವಾಗಬೇಕೆಂದು ಹಂಬಲಿಸಿದ ಕ್ರೈಸ್ತ ಚಿಂತಕರು ವೇದಾಂತವನ್ನೇ ಭಾರತವೆಂದು ಭಾವಿಸಿದರು. ಭಾರತದ ಕ್ರೈಸ್ತರಲ್ಲಿ ಬಹುಭಾಗವಾಗಿರುವ ದಲಿತರ ನೋವಿಗೂ ನುಡಿಗೂ ಅದರಲ್ಲಿ ಎಡೆಯಿರಲಿಲ್ಲ ಎಂಬುದು ಅವರಿಂದ ಮೊದಲಾದ ವಿಚಾರಧಾರೆಯ ತಿರುಳು. ದಲಿತ ದೈವಶಾಸ್ತ್ರವೆಂದು ಮುಂದೆ ಪ್ರಸಿದ್ಧವಾದ ಪಂಥಕ್ಕೆ ಈ ಉಪನ್ಯಾಸವೇ ಆರಂಭವೆಂದು ಎಣಿಸಲಾಗುತ್ತದೆ.

ಗ್ಯಾರೆಟ್ಟನ ಗೀತೆಯಿಂದ ಮೊದಲಾದ ಸಂಸ್ಕೃತದ ಒಲವಿಗೆ ಹೀಗೆ ಬೆಂಗಳೂರಿನಲ್ಲಿಯೇ ವಿಮರ್ಶೆ ದೊರೆಯಿತು. ಆ ವಿಮರ್ಶೆ ಬಯಸಿದ ಶಾಸ್ತ್ರ ಕನ್ನಡದಲ್ಲಿ ಮೊದಲೇ ಇದ್ದಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಮಾತು ವೇದಾಂತದ ಅನುವಾದವಲ್ಲ. ಕಾಯಕದವರು ತಮ್ಮ ಅನುಭಾವವನ್ನು ತಮ್ಮ ನುಡಿಯಲ್ಲಿ ಹೇಳಿದ್ದು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿಯೇ ಅಚ್ಚಾಗಿತ್ತು. ಅವರು ಅದನ್ನು ಶಾಸ್ತ್ರವೆಂದೇ ಕರೆದಿದ್ದರು. ಗೋಷ್ಠಿಯವರು ಕೇಳಿದ ಪ್ರಶ್ನೆಯನ್ನು ಉಪನಿಷತ್ತಿಗೆ ಕೇಳಿದಂತೆ ವಚನಕ್ಕೂ ಕೇಳಿದರೆ ಉತ್ತರ ಇನ್ನೂ ತೀಕ್ಷ್ಣವಾದೀತು. 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯ ಹೊರಬಂದ ಮೇಲೆ ಗ್ರಂಥ ದುರ್ಲಭವೆಂಬ ನೆಪವೂ ಉಳಿದಿಲ್ಲ.

ಅಂಥ ಕೆಲಸಕ್ಕೆ ಕೈಯಿಕ್ಕಿದ ಕ್ರೈಸ್ತರೊಬ್ಬರು ಗೋಷ್ಠಿಗಿಂತ ಬಹಳ ಮೊದಲೇ ಇದ್ದರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಕಲಿತದ್ದು ಬೆಂಗಳೂರಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ. ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದ ಪಾಠಗಳನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದ ಈ ಪಾದ್ರಿಗಳು, ಮುಂದೆ ಸಿದ್ಧರಾಮರ ಸಾಹಿತ್ಯವನ್ನೂ ಮೋಳಿಗೆಯ ಮಾರಯ್ಯನ ವಚನಗಳನ್ನೂ ಸಂಪಾದಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ವಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಅವರೂ ದೇವನಂದನ್ನರೂ ತೀರಿಕೊಂಡದ್ದು ಒಂದೇ ವರ್ಷ, 1962ರಲ್ಲಿ. ರೋಮಿನಲ್ಲಿ ವ್ಯಾಟಿಕನ್ ಮಹಾಸಭೆ ಮೊದಲ ಬಾರಿಗೆ ಸೇರಿದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ.