ತಗಡಿನ ಸೂರಿಗೂ ಒಂದು ಚರಿತ್ರೆಯಿದೆ

ನಿಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ತಗಡಿನ ಶೆಡ್ ಹಾಕಿಸಬೇಕೆಂಬ ಮಾತು ಎಂದಾದರೂ ಬಂದಿರಬಹುದು. ಐ.ಟಿ.ಐ. ಮುಗಿಸಿದ ಮಗ ವೆಲ್ಡಿಂಗ್ ಕೆಲಸವನ್ನು ಸ್ವಂತವಾಗಿ ಮಾಡುತ್ತೇನೆಂದು ಹಟ ಹಿಡಿದಿರುತ್ತಾನೆ. ಗುತ್ತಿಗೆದಾರರು ಬಂದು ಟೇಪು ಹಿಡಿದು ಅಳೆದು, ಕಂಬ ಇಷ್ಟು, ಪೈಪು ಇಷ್ಟು, ಶೀಟು ಇಷ್ಟು, ಒಂದು ವಾರದಲ್ಲಿ ಎಲ್ಲವೂ ಮುಗಿಯುತ್ತದೆ ಎಂದು ಲೆಕ್ಕ ಕೊಟ್ಟು ಹೋಗಿರುತ್ತಾರೆ. ಹಿರಿಯರು ಮಾತ್ರ, “ಮನೆಯ ಮಗ್ಗುಲಲ್ಲಿ ತಗಡಿನ ಡಬ್ಬಿಯೇ?” ಎಂದು ಮುಖ ಸಿಂಡರಿಸುತ್ತಾರೆ. ಗುಡಾಣಗಳಿಗೂ ಗ್ಯಾರೇಜುಗಳಿಗೂ ಸರಿ, ಮರ್ಯಾದಸ್ಥರ ಅಂಗಳಕ್ಕೆ ಸಲ್ಲದು ಎಂಬುದು ಈ ಸೂರಿನ ಬಗ್ಗೆ ನಮ್ಮಲ್ಲಿ ಬೇರೂರಿದ ಭಾವನೆ. ಆ ತಗಡು ಎಲ್ಲಿಂದ ಬಂತು, ಯಾರ ಯಾರ ನೆತ್ತಿಯನ್ನು ಕಾಯುತ್ತ ಬಂತು ಎಂಬುದನ್ನು ಕೊಂಚ ಅರಿತರೆ ಹಿರಿಯರೂ ಮಗನೂ ನಡೆಸುವ ಚರ್ಚೆಗೆ ಬೇರೆಯೇ ತೂಕ ಬಂದೀತು.

ಕಥೆ ಆರಂಭವಾಗುವುದು ಲಂಡನ್ನಿನ ಹಡಗುಕಟ್ಟೆಯಲ್ಲಿ. ಅಲ್ಲಿನ ಇಂಜಿನಿಯರಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್ ಎಂಬವರು 1829ರಲ್ಲಿ ಕಬ್ಬಿಣದ ತೆಳು ಹಾಳೆಯನ್ನು ಅಲೆಅಲೆಯಾಗಿ ಬಗ್ಗಿಸಿ ಸೂರಿಗೆ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮರುವರ್ಷವೇ ಹಡಗುಕಟ್ಟೆಯಲ್ಲಿ ಟರ್ಪೆಂಟೈನ್ ದಾಸ್ತಾನಿಗೆಂದು ಅಂಥ ಸೂರಿನ ಶೆಡ್ಡೊಂದನ್ನು ಕಟ್ಟಿದರು. ತತ್ತ್ವ ಬಹಳ ಸರಳ. ಒಂದು ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ನೋಡಿ, ನಡುವೆ ಜೋತುಬೀಳುತ್ತದೆ. ಅದೇ ಕಾಗದವನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಚಿ ಇಡಿ, ಮೇಲೊಂದು ಪೆನ್ನನ್ನೂ ಹೊರುತ್ತದೆ. ತಾಳೆಯ ಗರಿ ಈ ಗುಟ್ಟನ್ನು ಪಾಮರ್‌ರಿಗಿಂತ ಎಷ್ಟೋ ಮೊದಲೇ ಬಲ್ಲದು. ಹಾಳೆ ಅಲೆಯ ಉದ್ದಕ್ಕೆ ಬಾಗದು, ಅಡ್ಡಕ್ಕೆ ಮಾತ್ರ ಬಾಗುತ್ತದೆ. ಆದುದರಿಂದಲೇ ಕೆಳಗೆ ಭಾರಿ ತೊಲೆ ಜಂತಿಗಳ ಅಗತ್ಯವಿಲ್ಲ. ಪಾಮರ್ ತಮ್ಮ ಪೇಟೆಂಟನ್ನು ರಿಚರ್ಡ್ ವಾಕರ್ ಎಂಬವರಿಗೆ ಮಾರಿದರು. ತಯಾರಿಕೆಯನ್ನು ಉದ್ಯಮವಾಗಿ ಬೆಳೆಸಿದವರು ವಾಕರ್ ಕುಟುಂಬದವರು.

ಕಬ್ಬಿಣಕ್ಕೆ ತುಕ್ಕಿನ ಶಾಪ ಇದ್ದೇ ಇದೆ. ಅದಕ್ಕೆ ಮದ್ದು ದೊರೆತದ್ದು 1837ರಲ್ಲಿ. ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇದಕ್ಕೆ ಬಂದ ‘ಗ್ಯಾಲ್ವನೈಸಿಂಗ್’ ಎಂಬ ಹೆಸರು ಇಟಲಿಯ ಬೊಲೋನ್ಯದ ವಿಜ್ಞಾನಿ ಲುಯಿಜಿ ಗಾಲ್ವಾನಿಯವರ ನೆನಪಿನದು, ಅವರು ತಗಡಿನ ಗೊಡವೆಗೆ ಎಂದೂ ಹೋದವರಲ್ಲ! ಸತುವು ಬರಿಯ ಬಣ್ಣದಂತೆ ಮೇಲೆ ಕುಳಿತಿರುವುದಿಲ್ಲ. ಹಾಳೆಗೆ ಗೀರು ಬಿದ್ದು ಕಬ್ಬಿಣ ಹೊರಬಿದ್ದರೂ, ಸುತ್ತಲಿನ ಸತುವು ಮೊದಲು ತಾನು ಸವೆಯುತ್ತದೆ, ಕಬ್ಬಿಣವನ್ನು ಅಷ್ಟು ಕಾಲ ಉಳಿಸುತ್ತದೆ. ನಮ್ಮವರು ಈ ಹಾಳೆಯನ್ನು ಜಿಂಕ್ ಶೀಟು ಎಂದೇ ಕರೆಯುವುದು ಸರಿಯಾಗಿಯೇ ಇದೆ.

ಮುಂದಿನದು ಚಿನ್ನದ ಹುಚ್ಚಿನ ಕಾಲ. 1849ರಲ್ಲಿ ಕ್ಯಾಲಿಫೋರ್ನಿಯಕ್ಕೂ 1851ರ ನಂತರ ಆಸ್ಟ್ರೇಲಿಯಕ್ಕೂ ಜನ ಪ್ರವಾಹದಂತೆ ಹರಿದರು. ಅವರಿಗೆ ಸೂರು ಬೇಕಿತ್ತು, ಮರಗೆಲಸದವರೋ ಗಾರೆಯವರೋ ಕೈಗೆ ಸಿಗುವಂತಿರಲಿಲ್ಲ, ಅವರೂ ಚಿನ್ನ ಅಗೆಯಲು ಹೋಗಿದ್ದರು. ಬ್ರಿಟನ್ನಿನ ಕಾರ್ಖಾನೆಗಳು ಬಿಡಿಭಾಗಗಳಾಗಿ ಮನೆಗಳನ್ನೇ ಹಡಗಿಗೆ ತುಂಬಿದವು. ಬಂದಿಳಿದ ಹಾಳೆ, ಕಂಬ, ಬೋಲ್ಟುಗಳನ್ನು ಗುರುತು ನೋಡಿ ಜೋಡಿಸಿಕೊಂಡರಾಯಿತು. ಮೆಲ್ಬರ್ನ್ ನಗರದ ದಕ್ಷಿಣ ಭಾಗದಲ್ಲಿ 1850ರ ದಶಕದ ಅಂಥ ಕಬ್ಬಿಣದ ಮನೆಗಳನ್ನು ಇಂದಿಗೂ ಜೋಪಾನವಾಗಿ ಕಾಪಾಡಿದ್ದಾರೆ. ಬೇಸಿಗೆಯಲ್ಲಿ ಅವುಗಳೊಳಗೆ ಸಂಸಾರ ಮಾಡಿದ ತಾಯಂದಿರ ಪಾಡನ್ನು ಊಹಿಸಲು ನಮಗೆ ಕಷ್ಟವಾಗದು, ಏಪ್ರಿಲ್ ತಿಂಗಳ ತಗಡಿನ ಸೂರು ಏನೆಂಬುದನ್ನು ನಮ್ಮಲ್ಲಿ ಅನೇಕರು ಬಲ್ಲರು.

ಅದಕ್ಕಿಂತ ಘೋರವಾದ ಪಾಠವೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊರೆಯಿತು. ಮರದ ಮನೆಗಳು ಪದೇ ಪದೇ ಸುಟ್ಟುಹೋಗುತ್ತಿದ್ದ ಆ ಊರಿನಲ್ಲಿ, ಕಬ್ಬಿಣ ಉರಿಯುವುದಿಲ್ಲವಲ್ಲ ಎಂಬ ಧೈರ್ಯದಿಂದ ವರ್ತಕರು ಕಬ್ಬಿಣದ ಕಟ್ಟಡಗಳನ್ನು ಎಬ್ಬಿಸಿದ್ದರು. 1851ರ ಮೇ ತಿಂಗಳ ಮಹಾ ಬೆಂಕಿಯಲ್ಲಿ ಕೆಲವರು ಅಂಥ ಕಟ್ಟಡಗಳ ಒಳಗೇ ಉಳಿದು ಬಾಗಿಲು ಭದ್ರಪಡಿಸಿಕೊಂಡರು. ಸುತ್ತಲಿನ ಬಿಸಿಗೆ ಕಬ್ಬಿಣದ ಬಾಗಿಲುಗಳು ಹಿಗ್ಗಿ ಚೌಕಟ್ಟಿನಲ್ಲಿ ಕಚ್ಚಿಕೊಂಡವು. ತೆರೆಯಲಾಗದೆ ಒಳಗಿದ್ದವರು ಮಡಿದರು. ಗ್ಯಾಸ್ ಸಿಲಿಂಡರುಗಳನ್ನೂ ಕಿಡಿ ಹಾರಿಸುವ ಯಂತ್ರಗಳನ್ನೂ ಇಟ್ಟುಕೊಂಡು ತಗಡಿನ ಶೆಡ್ಡಿನಲ್ಲಿ ದುಡಿಯಲು ಹೊರಟ ಮಗನಿಗೆ ಈ ಘಟನೆಯನ್ನು ಹೇಳದೆ ಇರಬೇಡಿ. ಎರಡನೆಯ ಬಾಗಿಲೊಂದನ್ನು ಇಡಿಸಲು ತಗಲುವ ವೆಚ್ಚ ದೊಡ್ಡದಲ್ಲ.

ಅದೇ 1851ರಲ್ಲಿ ಈ ತಗಡು ಅರಮನೆಯ ಅಂಗಳವನ್ನೂ ಪ್ರವೇಶಿಸಿತು. ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಮ್ಯಾಂಚೆಸ್ಟರಿನ ಬೆಲ್‌ಹೌಸ್ ಕಂಪೆನಿಯ ಕಬ್ಬಿಣದ ಮನೆಯನ್ನು ಕಂಡು ಮೆಚ್ಚಿದ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟರು, ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ತಗಡಿನದೇ ಒಂದು ನೃತ್ಯಶಾಲೆ ಹಾಕಿಸಿದರು. ಹೊಸ ಅರಮನೆ ಕಟ್ಟಿ ಮುಗಿಯುವವರೆಗೆ ನಡೆಯಲಿ ಎಂಬ ತಾತ್ಕಾಲಿಕ ಏರ್ಪಾಡು ಅದು. ಅರಮನೆ ಎದ್ದ ಮೇಲೆ ಅದನ್ನು ಒಡೆದೆಸೆಯಲಿಲ್ಲ. ರಾಜಮನೆತನದವರು ಕುಣಿದ ಆ ಶೆಡ್ ಬಡಗಿಗಳ ಕೆಲಸದ ಮನೆಯಾಯಿತು, ಇಂದಿಗೂ ನಿಂತಿದೆ. ಮುಖ ಸಿಂಡರಿಸುವ ಹಿರಿಯರಿಗೆ ಹೇಳಬೇಕಾದ ಕಥೆ ಇದು.

ಹಾಗೆಂದು ಸಿಂಡರಿಸಿದವರು ಆಗಲೂ ಕಡಮೆಯಿರಲಿಲ್ಲ. ಬ್ರಿಟನ್ನಿನ ಗಣಿ ಮತ್ತು ಗಿರಣಿಗಳ ಊರುಗಳಲ್ಲಿ ಜನಸಂಖ್ಯೆ ದಿಢೀರನೆ ಏರಿದಾಗ ಅಲ್ಲಿನ ಸಭೆಗಳು ತಗಡಿನ ದೇವಾಲಯಗಳನ್ನು ತರಿಸಿಕೊಂಡವು. ಕಂಪೆನಿಗಳು ಅಚ್ಚುಹಾಕಿಸಿದ ಸಚಿತ್ರ ಪಟ್ಟಿಯಲ್ಲಿ ಗುಡಾಣ, ಶಾಲೆ, ಬಂಗಲೆಗಳ ಜೊತೆಗೆ ಗೋಪುರ ಸಹಿತವಾದ ಚರ್ಚೂ ಇರುತ್ತಿತ್ತು, ಆರಿಸಿ ಹಣ ಕಳುಹಿಸಿದರೆ ರೈಲಿನಲ್ಲಿ ಬಂದಿಳಿಯುತ್ತಿತ್ತು. ಕುಶಲಕಲೆಗಳ ಪ್ರತಿಪಾದಕರಾಗಿದ್ದ ವಿಲಿಯಂ ಮಾರಿಸ್ 1890ರಲ್ಲಿ ಈ ತಗಡು ನಾಡಿಗೇ ಹಬ್ಬಿದ ಪಿಡುಗು ಎಂಬಂತೆ ಬರೆದರು. ಅವರ ಸೌಂದರ್ಯದೃಷ್ಟಿ ದೊಡ್ಡದು, ಒಪ್ಪೋಣ. ಆದರೆ ಭಾನುವಾರ ಮಳೆಯಲ್ಲಿ ನಿಂತು ಪ್ರಾರ್ಥಿಸಬೇಕಾಗಿದ್ದ ಗಣಿಕಾರ್ಮಿಕನ ಕುಟುಂಬಕ್ಕೆ ಶಿಲೆಯ ದೇವಾಲಯವಾಗುವವರೆಗೆ ಕಾಯಿರಿ ಎನ್ನುವುದು ಸುಲಭವಾದ ಮಾತೇ ಹೊರತು ನ್ಯಾಯವಾದ ಮಾತಲ್ಲ ಎಂದು ನನಗನ್ನಿಸುತ್ತದೆ.

ಮನಿಲಾ ನಗರದ ಸಂತ ಸೆಬಾಸ್ಟಿಯನ್ ಮಹಾದೇವಾಲಯದ ಕಥೆ ಇನ್ನೊಂದು ಬಗೆಯದು. ಆ ಸ್ಥಳದ ಹಳೆಯ ದೇವಾಲಯಗಳು ಬೆಂಕಿಗೂ ಭೂಕಂಪಗಳಿಗೂ ಒಂದರ ನಂತರ ಒಂದು ಬಲಿಯಾದ ಮೇಲೆ, ಅಗಸ್ಟೀನ್ ರಿಕಲೆಕ್ಟ್ ಸಭೆಯ ಗುರುಗಳು ಪೂರ್ಣವಾಗಿ ಉಕ್ಕಿನಲ್ಲೇ ಕಟ್ಟಲು ನಿಶ್ಚಯಿಸಿದರು. ಬಿಡಿಭಾಗಗಳು ಬೆಲ್ಜಿಯಮ್ಮಿನಿಂದ ಹಡಗಿನಲ್ಲಿ ಬಂದವು, 1891ರಲ್ಲಿ ದೇವಾಲಯ ಆಶೀರ್ವದಿಸಲ್ಪಟ್ಟಿತು. ಭೂಕಂಪಗಳನ್ನು ಅದು ತಡೆದುಕೊಂಡಿತು. ಆದರೆ ಸಮುದ್ರದ ಉಪ್ಪುಗಾಳಿ, ಸೋರಿದ ಮಳೆನೀರು ಟೊಳ್ಳು ಕಂಬಗಳ ಒಳಗೆ ಸದ್ದಿಲ್ಲದೆ ತುಕ್ಕು ಹಿಡಿಸಿದವು. ಶತಮಾನದ ನಂತರ ಅದನ್ನು ಉಳಿಸಿಕೊಳ್ಳಲು ದೊಡ್ಡ ಪ್ರಮಾಣದ ಜೀರ್ಣೋದ್ಧಾರವೇ ಬೇಕಾಯಿತು. ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಕರಾವಳಿಯಲ್ಲಿ ತಗಡಿಗೆ ಬಹುಕಾಲ ಆದರವಿರಲಿಲ್ಲವೆಂದರೆ ಅದಕ್ಕೆ ಕಾರಣವಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹಂಚು ತಗಡಿನಂತೆ ಕಾಯುವುದಿಲ್ಲ, ಮಳೆಗೆ ತಗಡಿನಂತೆ ಬಡಿದುಕೊಳ್ಳುವುದಿಲ್ಲ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಆದರೆ ಅದಕ್ಕೆ ಮರದ ಪಕ್ಕಾಸು ರೀಪುಗಳ ಭಾರಿ ಚೌಕಟ್ಟು ಬೇಕು. ಮರ ದುಬಾರಿಯಾದಂತೆಲ್ಲ ಶೀಟಿನ ಮಾಡು ಮೇಲೇರಿತು. ಒಳನಾಡಿನ ಕೋಲಾರದ ಚಿನ್ನದ ಗಣಿಗಳಲ್ಲಾದರೋ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕಾಲಿಟ್ಟ ನಂತರ ಯಂತ್ರಗಳ ಜೊತೆಗೆ ತಗಡಿನ ಶೆಡ್ಡುಗಳೂ ಬಂದವು. 2001ರಲ್ಲಿ ಗಣಿ ಮುಚ್ಚಿದಾಗ ಅನಾಥವಾದವುಗಳಲ್ಲಿ ಅವೂ ಸೇರಿದ್ದವು.

ತಗಡಿನ ಕಟ್ಟಡವನ್ನು ಲೋಕದ ಮೂಲೆಮೂಲೆಗೂ ಒಯ್ದದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಇಂಜಿನಿಯರ್ ಪೀಟರ್ ನಾರ್ಮನ್ ನಿಸೆನ್ ಎಂಬವರು 1916ರಲ್ಲಿ ಸೈನಿಕರಿಗಾಗಿ ಒಂದು ಗುಡಿಸಲನ್ನು ರೂಪಿಸಿದರು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಆಕಾರ, ಗೋಡೆಯೂ ಅದೇ, ಸೂರೂ ಅದೇ. ಇಡೀ ಗುಡಿಸಲು ಒಂದೇ ಲಾರಿಯಲ್ಲಿ ಹಿಡಿಯುತ್ತಿತ್ತು, ಆರು ಜನ ನಾಲ್ಕು ಗಂಟೆಗಳಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಆ ಯುದ್ಧ ಮುಗಿಯುವುದರೊಳಗೆ ಅಂಥವು ಒಂದು ಲಕ್ಷದಷ್ಟು ತಯಾರಾದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು 1941ರಲ್ಲಿ ಅದನ್ನೇ ತಿದ್ದಿ ‘ಕ್ವಾನ್ಸೆಟ್’ ಗುಡಿಸಲು ಮಾಡಿದರು.

ಈ ನಿಸೆನ್ ಗುಡಿಸಲುಗಳಲ್ಲಿ ಎರಡರ ಕಥೆಯನ್ನು ಬಿಡಿಸಿ ಹೇಳಲೇಬೇಕು. 1939ರ ಅಕ್ಟೋಬರ್ 14ರಂದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ನಡುವಣ ನೌಕಾನೆಲೆಗೆ ಜರ್ಮನಿಯ ಜಲಾಂತರ್ಗಾಮಿಯೊಂದು ನುಸುಳಿ ‘ರಾಯಲ್ ಓಕ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ದ್ವೀಪಗಳ ನಡುವಣ ಕಿರುದಾರಿಗಳನ್ನು ಮುಚ್ಚಲು ಚರ್ಚಿಲ್ ಆಜ್ಞಾಪಿಸಿದರು. ಕೆಲಸಕ್ಕೆ ಜನ ಸಾಲದೆ, ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು 1942ರಲ್ಲಿ ಅಲ್ಲಿಗೆ ತಂದರು. ಯುದ್ಧಕೈದಿಗಳನ್ನು ಯುದ್ಧದ ಕಾಮಗಾರಿಗೆ ಹಚ್ಚಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದವಿತ್ತು. ಕೈದಿಗಳು ಪ್ರತಿಭಟಿಸಿದರು. ಇದು ದ್ವೀಪವಾಸಿಗಳ ಓಡಾಟಕ್ಕಾಗಿ ನಿರ್ಮಿಸುವ ರಸ್ತೆ ಎಂಬ ಸಮಜಾಯಿಷಿಯೊಂದಿಗೆ ಕೆಲಸ ಮುಂದುವರಿಯಿತು.

ಲ್ಯಾಮ್ ಹೋಮ್ ಎಂಬ ಪುಟ್ಟ ದ್ವೀಪದ 60ನೆಯ ಶಿಬಿರದಲ್ಲಿ ಆ ಕೈದಿಗಳು ತಗಡಿನ ಗುಡಿಸಲುಗಳಲ್ಲಿದ್ದರು. ಮರವಿಲ್ಲ, ಸದಾ ಗಾಳಿ, ಕೊರೆಯುವ ಚಳಿ. ಬಲಿಪೂಜೆಗೆ ತಕ್ಕ ಸ್ಥಳವೊಂದು ಬೇಕೆಂಬುದು ಅವರ ಹಂಬಲವಾಗಿತ್ತು. ಶಿಬಿರದ ಮುಖ್ಯಾಧಿಕಾರಿ ಮೇಜರ್ ಬಕ್ಲೆಂಡ್ ಮತ್ತು ಕೈದಿಗಳ ಗುರು ಫಾದರ್ ಜಾಕೊಬಾಜ್ಜಿ ಅವರ ಪ್ರಯತ್ನದಿಂದ 1943ರಲ್ಲಿ ಎರಡು ನಿಸೆನ್ ಗುಡಿಸಲುಗಳು ದೊರೆತವು. ಒಂದರ ಬೆನ್ನಿಗೆ ಒಂದನ್ನು ಸೇರಿಸಿದರು. ಉತ್ತರ ಇಟಲಿಯ ಮೊಯೆನ ಎಂಬ ಊರಿನ ದೊಮೆನಿಕೊ ಕಿಯೊಕ್ಕೆಟ್ಟಿ ಎಂಬ ಚಿತ್ರಕಾರ ಕೈದಿಯು ಒಳಗಿನ ತಗಡನ್ನು ಹಲಗೆಯಿಂದ ಮುಚ್ಚಿ, ಅದರ ಮೇಲೆ ಇಟ್ಟಿಗೆಯಂತೆ, ಕೆತ್ತಿದ ಅಮೃತಶಿಲೆಯಂತೆ ಕಾಣುವ ಬಣ್ಣ ಬರೆದನು. ಯುದ್ಧಕ್ಕೆ ಹೊರಡುವಾಗ ತಾಯಿ ಕೈಯಲ್ಲಿಟ್ಟಿದ್ದ ಮಾತೆ ಮರಿಯಮ್ಮನವರ ಪುಟ್ಟ ಚಿತ್ರಪಟವೊಂದು ಅವನಲ್ಲಿತ್ತು. ಅದನ್ನೇ ನೋಡಿ ಬಲಿಪೀಠದ ಮೇಲಣ ಚಿತ್ರವನ್ನು ರಚಿಸಿದನು. ಕಮ್ಮಾರನಾಗಿದ್ದ ಜುಸೆಪ್ಪೆ ಪಲುಂಬಿ ಗರ್ಭಸ್ಥಾನಕ್ಕೆ ಕಬ್ಬಿಣದ ಜಾಲರಿಯನ್ನು ಬಡಿದು ಮಾಡಿದನು. ಮಾಂಸದ ಡಬ್ಬಿಗಳು ದೀಪಗಳಾದವು. ಮುಳುಗಿದ ಹಡಗಿನ ಮರದಿಂದ ಪರಮಪ್ರಸಾದದ ಪೆಟ್ಟಿಗೆಯಾಯಿತು. ಮೋಟಾರುಗಾಡಿಯ ಹೊಗೆಕೊಳವೆಗೆ ಕಾಂಕ್ರೀಟು ಮೆತ್ತಿದ್ದು ಸ್ನಾನದೀಕ್ಷೆಯ ತೊಟ್ಟಿಯಾಯಿತು. ಮುಂಭಾಗಕ್ಕೆ ಕಾಂಕ್ರೀಟಿನ ಮುಖಮಂಟಪ ಕಟ್ಟಿ ಗಂಟೆ ತೂಗುಹಾಕಿದರು. ಹಗಲೆಲ್ಲ ಬ್ಲಾಕು ಹೊತ್ತು ದಣಿದ ಕೈಗಳು ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸವಿದು.

1944ರಲ್ಲಿ ಕೈದಿಗಳನ್ನು ಬೇರೆಡೆಗೆ ಸಾಗಿಸಲಾಯಿತು. ಸ್ನಾನದೀಕ್ಷೆಯ ತೊಟ್ಟಿ ಇನ್ನೂ ಮುಗಿದಿರಲಿಲ್ಲವೆಂದು ಕಿಯೊಕ್ಕೆಟ್ಟಿ ಅನುಮತಿ ಬೇಡಿ ಹಿಂದುಳಿದನು, ಮುಗಿಸಿದ ಮೇಲೆಯೇ ಹೊರಟನು.

ಶಿಬಿರವನ್ನು ಯುದ್ಧಾನಂತರ ನೆಲಸಮ ಮಾಡಿದರು. ದೇವಾಲಯವನ್ನು ಮಾತ್ರ ದ್ವೀಪದವರು ಉಳಿಸಿಕೊಂಡರು. ಅವರಲ್ಲಿ ಬಹುಪಾಲು ಜನ ಕಥೋಲಿಕರಲ್ಲ, ಕಟ್ಟಿದವರು ಅವರ ದೇಶದ ಶತ್ರುಗಳಾಗಿದ್ದವರು ಎಂಬುದನ್ನು ನೆನಪಿಡಿ. ಉಪ್ಪುಗಾಳಿಗೆ ತಗಡು ಸವೆಯುತ್ತಿತ್ತು, ಬಣ್ಣ ಮಾಸುತ್ತಿತ್ತು. ದ್ವೀಪದವರು ರಕ್ಷಣಾ ಸಮಿತಿ ರಚಿಸಿ, ಕಲಾವಿದನನ್ನು ಹುಡುಕಿ 1960ರಲ್ಲಿ ಕರೆಸಿಕೊಂಡರು. ಆತ ಬಂದು ತನ್ನ ಚಿತ್ರಗಳನ್ನು ತಾನೇ ಹೊಸದುಮಾಡಿದನು. 1964ರಲ್ಲಿ ಪತ್ನಿಯೊಡನೆ ಮತ್ತೆ ಬಂದು ಶಿಲುಬೆಹಾದಿಯ 14 ಮರದ ಸ್ಥಳಗಳನ್ನು ಕಾಣಿಕೆಯಾಗಿ ಕೊಟ್ಟನು. 1999ರಲ್ಲಿ ಆತ ತನ್ನೂರಿನಲ್ಲಿ ತೀರಿಕೊಂಡನು.

ನಿಮ್ಮ ಹಿತ್ತಲಿನ ಶೆಡ್ಡಿಗೆ ಬರೋಣ. ಕಟ್ಟಿಸುವುದಾದರೆ ಶೀಟಿಗೆ ತೂತನ್ನು ಅಲೆಯ ಉಬ್ಬಿನ ಮೇಲೆ ಕೊರೆಸಿ, ತಗ್ಗಿನಲ್ಲಿ ಬೇಡ, ನೀರು ಹರಿಯುವುದು ಅಲ್ಲಿಯೇ. ಕಂಬಗಳ ಬುಡವನ್ನು ಕಾಂಕ್ರೀಟಿನಲ್ಲಿ ಚೆನ್ನಾಗಿ ಹೂಳಿಸಿ, ಹಗುರವಾದ ಸೂರಿಗೆ ತನ್ನ ಭಾರಕ್ಕಿಂತ ಅದನ್ನು ಮೇಲೆತ್ತುವ ಗಾಳಿಯದೇ ಭಯ. ಬಿಸಿ ಗಾಳಿ ಹೊರಹೋಗಲು ನೆತ್ತಿಯಲ್ಲಿ ಸಂದು ಇರಲಿ. ಪ್ರತಿ ಮಳೆಗಾಲದ ಮುನ್ನ ಏಣಿ ಹತ್ತಿ ಕೊಳೆತ ಎಲೆಗಳನ್ನು ಗುಡಿಸಿ, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಬಳಿಯುವ ಹೊಣೆಯನ್ನು ಮಗನಿಗೇ ವಹಿಸಿಬಿಡಿ.